ಪುಕ್ಸಟ್ಟೆ ಅಕ್ಕಿ ಮತ್ತು ಹತ್ತು ವರ್ಷದ ಲೆಕ್ಕ

ಮೊನ್ನೆ ಶಿಕಾರಿಪುರದಲ್ಲಿ ನೆಂಟರ ಮದುವೆ ಮುಗಿಸಿಕೊಂಡು ಶಿರಾಳಕೊಪ್ಪದ ಮೇಲೆ ಸೊರಬಕ್ಕೆ ಬರ್ತಾ ಇದ್ದೆ. ಜೊತೆಗಿದ್ದ ಮಾವನದು ದಾರಿಯುದ್ದಕ್ಕೂ ಒಂದೇ ಗೋಳು. "ಅಡಿಕೆ ಸುಲಿಯೋಕೆ ಜನ ಸಿಗಲ್ಲ ಮಾರಾಯ. ಪುಕ್ಸಟ್ಟೆ ಅಕ್ಕಿ ತಿಂದ್ಕೊಂಡು ಮನೇಲಿ ಕೂತಿರ್ತಾರೆ. ಅಮೆರಿಕದಲ್ಲೂ ಇದೇ ಕಥೆ ಅಂತೆ, ಹೊರಗಿನವರೆಲ್ಲ ಸರ್ಕಾರದ ದುಡ್ಡು ತಿನ್ನೋಕೇ ಬರೋದಂತೆ!"

ಮದುವೆ ಊಟ ಹೊಟ್ಟೆ ತುಂಬ ಇತ್ತು, ಸುಮ್ಮನಿದ್ದೆ. ಈಗ ಹೇಳ್ತೀನಿ.

ಮಾವಾ, ಆ 'ಹೊರಗಿನವರಲ್ಲಿ' ನಾನೂ ಒಬ್ಬನಾಗಿದ್ದೆ. ಎಂಟು ವರ್ಷ ಎಚ್-1ಬಿ ವೀಸಾದಲ್ಲಿ ಅಲ್ಲಿ ದುಡಿದೆ. ಪ್ರತಿ ಸಂಬಳದಲ್ಲೂ ಸೋಶಿಯಲ್ ಸೆಕ್ಯುರಿಟಿ ಅಂತ ಶೇ. 6.2 ಮುರಿದುಕೊಂಡರು. ಆದರೆ ಪಿಂಚಣಿ ಬೇಕಂದರೆ 40 ಕ್ರೆಡಿಟ್ ಆಗಬೇಕು. ವರ್ಷಕ್ಕೆ ಸಿಗೋದು ಹೆಚ್ಚೆಂದರೆ 4. ಅಂದರೆ ಕನಿಷ್ಠ ಹತ್ತು ವರ್ಷ. ವೀಸಾದ ಮಾಮೂಲಿ ಅವಧಿ ಆರೇ ವರ್ಷ. ಗ್ರೀನ್ ಕಾರ್ಡ್ ಸರದಿಯಲ್ಲಿ ನಿಂತವರಿಗೆ ಮಾತ್ರ ಮುಂದುವರಿಕೆ. ಹೇಗಿದೆ ಲೆಕ್ಕ?

ನಾನು ಹೋಗಿದ್ದು ಸಂಬಳಕ್ಕೆ. ಈ ನಿಯಮ ಕಾಲಿಗೆ ತೊಡರಿದ್ದು ವಾಪಸ್ ಬರೋವಾಗ. ಅಪ್ಪ ಹಾಸಿಗೆ ಹಿಡಿದರು ಅಂದಾಗ ಅಲ್ಲಿನ ಗೆಳೆಯರು "ಇನ್ನೆರಡು ವರ್ಷ ತಡಿ, ಹತ್ತು ತುಂಬುತ್ತೆ" ಅಂದರು. ನಾನೂ ಎರಡು ರಾತ್ರಿ ಅದೇ ಲೆಕ್ಕ ಹಾಕಿದೆ, ಸುಳ್ಳು ಯಾಕೆ ಹೇಳಲಿ? ಆಮೇಲೆ ಹೊರಟು ಬಂದೆ. ಅಪ್ಪನ ಜೊತೆ ಹನ್ನೊಂದು ತಿಂಗಳು ಸಿಕ್ಕಿತು. ದುಡ್ಡು ಅಲ್ಲೇ ಉಳೀತು.

ಇದಕ್ಕೆ ಮದ್ದಿಲ್ಲ ಅಂತಲ್ಲ. 2017ರಲ್ಲಿ ಜಾರಿಗೆ ಬಂದ ಭಾರತ-ಜರ್ಮನಿ ಒಪ್ಪಂದದಲ್ಲಿ ಎರಡೂ ಕಡೆ ದುಡಿದ ವರ್ಷ ಕೂಡಿಸಿ ಪಿಂಚಣಿಯ ಅರ್ಹತೆ ನೋಡ್ತಾರೆ. ಅಮೆರಿಕದ ಜೊತೆ ಅಂಥ ಒಪ್ಪಂದ ಇಲ್ಲ.

ಇನ್ನು ನಮ್ಮೂರಿನ ಅಕ್ಕಿ. ಶಿಕಾರಿಪುರದ ತಾಂಡಾಗಳಿಂದ ಕಾಫಿ ತೋಟಗಳಿಗೆ ಜನ ಗುಳೆ ಹೋಗೋದು ಅನ್ನಭಾಗ್ಯ ಬಂದ 2013ಕ್ಕಿಂತ ಎಷ್ಟೋ ಹಿಂದಿನ ಮಾತು. ಆಮೇಲೂ ಹೋದರು. ಕರ್ನಾಟಕವೂ ಸೇರಿ 12 ರಾಜ್ಯಗಳಲ್ಲಿ ಒಂದೇ ರೇಷನ್ ಚೀಟಿ ನಡೆಯುವಂತಾಗಿದ್ದು 2020ರ ಜನವರಿಯಲ್ಲಿ; ಕೂಲಿಯವರು ಅದಕ್ಕೂ ಮುಂಚೆಯೇ ರಾಜ್ಯ ದಾಟಿದ್ದರು. ಚೀಟಿ ಅವರ ಹಿಂದೆ ಬಂತು, ಅಷ್ಟೇ.

ಅಕ್ಕಿ ಮಾಡಿದ್ದು ಒಂದೇ ಕೆಲಸ. ಕೊಟ್ಟಷ್ಟು ಕೂಲಿಗೆ ಒಪ್ಪಲೇಬೇಕು ಅನ್ನೋ ಹೊಟ್ಟೆಯ ದರ್ದು ಸ್ವಲ್ಪ ಕಮ್ಮಿ ಮಾಡ್ತು. ನಮಗೆ ಉರಿಯೋದು ಅಲ್ಲೇ!

ಮಾವಾ, ನಿಮ್ಮ ಮಗ ಬೆಂಗಳೂರಿಗೆ ಹೋಗಿದ್ದು ಯಾವ ಅಕ್ಕಿಗೆ? ಸುಲಿಯೋಕೆ ಜನ ಬೇಕಾದರೆ ಬೈಯೋದು ಬಿಟ್ಟು ಕೂಲಿ ಏರಿಸಿ ನೋಡಿ. ಅಕ್ಕಿ ಅವರ ಮನೇಲೇ ಇರಲಿ, ಅವರು ನಿಮ್ಮ ಅಂಗಳಕ್ಕೆ ಬರ್ತಾರೆ.

ಏನಂತೀರಿ? :-)