ಹೊಲಗಾಲುವೆ ಇಲ್ಲದ ನೀರು

ಮಸ್ಕಿ ಸೀಮೆಯ ಒಂದು ಹಳ್ಳಿಯ ಸಮುದಾಯ ಭವನದಲ್ಲಿ ಹೋದ ವರ್ಷ ಒಂದು ಕಬ್ಬಿಣದ ಅಲಮಾರಿ ತೆಗೆಸಿ ನೋಡಿದೆ. ಒಳಗೆ ಹನ್ನೆರಡು ಟ್ಯಾಬ್, ಎರಡು ಕೇರಂ ಬೋರ್ಡ್, ಮಡಿಕೆ ಬಿಚ್ಚದ ವಾಲಿಬಾಲ್ ನೆಟ್. ಎಲ್ಲದರ ಮೇಲೂ ಅನುದಾನ ಕೊಟ್ಟವರ ಸ್ಟಿಕ್ಕರ್. ಸಂಜೆ ಮಕ್ಕಳನ್ನು ಕೂಡಿಸಿಕೊಂಡು ಓದಿಸುತ್ತಿದ್ದ ಹುಡುಗಿ ಮಾತ್ರ ಇರಲಿಲ್ಲ. ಯೋಜನೆ ಮಾರ್ಚ್ 31ಕ್ಕೆ ಮುಗಿದು, ಅವಳ ಗೌರವಧನ ನಿಂತು, ಅವಳು ಸಿಂಧನೂರಿನ ಬಟ್ಟೆ ಅಂಗಡಿಗೆ ಸೇರಿದ್ದಳು. ಬೀಗ ತೆಗೆದುಕೊಟ್ಟ ಅವಳ ತಾಯಿ, "ಎಲ್ಲಾ ಎಣಿಸಿ ಇಟ್ಟಾಳ್ರಿ, ಒಂದೂ ಕಡಿಮಿ ಇಲ್ಲ" ಎಂದರು. ಲೆಕ್ಕಪತ್ರದ ದೃಷ್ಟಿಯಲ್ಲಿ ಆ ಯೋಜನೆ ಗೆದ್ದಿತ್ತು.

ಸ್ಥಳೀಯ ಸಂಘ ಸಂಸ್ಥೆಗಳಿಗೆ, ಅದರಲ್ಲೂ ಮಕ್ಕಳು ಮತ್ತು ಯುವಜನರ ಕೆಲಸಕ್ಕೆ ಹಣ ಕೊಡುವವರು ಈಗ ಕಡಿಮೆಯೇನಿಲ್ಲ. 2013ರ ಕಂಪನಿ ಕಾಯ್ದೆಯ ಪ್ರಕಾರ ದೊಡ್ಡ ಕಂಪನಿಗಳು ಸರಾಸರಿ ನಿವ್ವಳ ಲಾಭದ ಶೇ 2ರಷ್ಟನ್ನು ಸಾಮಾಜಿಕ ಕೆಲಸಕ್ಕೆ ಖರ್ಚು ಮಾಡಬೇಕು. ಕಾರ್ಯಕ್ಷೇತ್ರದ ಸುತ್ತಲಿನ ಊರುಗಳಿಗೆ ಆದ್ಯತೆ ಕೊಡಬೇಕೆಂದೂ ಅದರಲ್ಲಿದೆ. ಹಾಗೆ ನೋಡಿದರೆ ಲಿಂಗಸುಗೂರು ತಾಲ್ಲೂಕಿಗೆ ಹಟ್ಟಿ ಚಿನ್ನದ ಗಣಿ ಇದೆ. ಮಸ್ಕಿಗೆ ಏನಿದೆ? ಅಶೋಕನ ಹೆಸರನ್ನೇ ಹೇಳುವ ಶಾಸನ ಇದೆ, 1915ರಲ್ಲಿ ಅದು ಬೆಳಕಿಗೆ ಬಂದದ್ದೂ ಚಿನ್ನ ಹುಡುಕುತ್ತಿದ್ದ ಎಂಜಿನಿಯರೊಬ್ಬನಿಂದ. ಲಾಭ ಮಾಡುವ ಕಂಪನಿ ಇಲ್ಲ. ಕಂಪನಿ ಇರುವ ಕಡೆಯೇ ಹಣ ಸುತ್ತಿದರೆ ಬಡ ತಾಲ್ಲೂಕು ಬಡವಾಗಿಯೇ ಇರುತ್ತದೆ.

ಇಲ್ಲಿಯವರಿಗೆ ಇದನ್ನು ವಿವರಿಸಬೇಕಾಗಿಲ್ಲ. ತುಂಗಭದ್ರಾ ಎಡದಂಡೆ ಕಾಲುವೆಯಲ್ಲಿ ನೀರು ಬಿಟ್ಟರೂ ಕೊನೆ ಭಾಗಕ್ಕೆ ಬರುವುದಿಲ್ಲ ಎಂಬ ಕೂಗು ಪ್ರತಿ ವರ್ಷದ್ದು. ಪಾಮನಕಲ್ಲೂರಿನಲ್ಲಿ ರೈತರು ತಮ್ಮ ಹೊಲಗಳಿಗೆ ನೀರು ತರುವ 5ಎ ಕಾಲುವೆ ಬೇಕೆಂದು ತಿಂಗಳುಗಟ್ಟಲೆ ಧರಣಿ ಕೂತರು. ದೊಡ್ಡ ಕಾಲುವೆಯಲ್ಲಿ ಎಷ್ಟೇ ನೀರಿದ್ದರೂ ಹೊಲಗಾಲುವೆ ಇಲ್ಲದಿದ್ದರೆ ಬೆಳೆಗೆ ಸಿಗದು. ಅನುದಾನದ ವಿಷಯದಲ್ಲಿ ಆ ಹೊಲಗಾಲುವೆಯನ್ನು ಕಾನೂನೇ ಮುಚ್ಚಿತು. ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆಗೆ 2020ರಲ್ಲಿ ಆದ ತಿದ್ದುಪಡಿಯ ನಂತರ, ಅಂಥ ದೇಣಿಗೆ ಪಡೆದ ಒಂದು ಸಂಸ್ಥೆ ಅದರಲ್ಲಿ ಪಾಲು ತೆಗೆದು ಇನ್ನೊಂದು ಸಂಸ್ಥೆಗೆ ಕೊಡುವಂತಿಲ್ಲ. ಆಡಳಿತ ವೆಚ್ಚದ ಮಿತಿ ಶೇ 50ರಿಂದ 20ಕ್ಕೆ ಇಳಿಯಿತು. ದುರುಪಯೋಗ ತಡೆಯುವುದು ಉದ್ದೇಶ ಎಂದರು, ದುರುಪಯೋಗ ಇರಲಿಲ್ಲ ಎಂದು ನಾನೂ ಹೇಳುವುದಿಲ್ಲ. ಲೆಟರ್‌ಹೆಡ್ಡಿನಲ್ಲಷ್ಟೇ ಬದುಕಿರುವ ಸಂಘಗಳು ನಮ್ಮಲ್ಲಿ ಬೇಕಾದಷ್ಟಿವೆ. ಆದರೆ ಪೆಟ್ಟು ಬಿದ್ದದ್ದು ಇಂಗ್ಲಿಷಿನಲ್ಲಿ ಪ್ರಪೋಸಲ್ ಬರೆಯಲು ಬಾರದ, ದೊಡ್ಡ ಸಂಸ್ಥೆಯ ಆಸರೆಯಲ್ಲಿ ಕೆಲಸ ಮಾಡುತ್ತಿದ್ದ ಹಳ್ಳಿಯ ಗುಂಪುಗಳಿಗೆ.

ಹಣ ಬಂದಾಗಲೂ ಅದು ಬರುವುದು ತನ್ನ ಕ್ಯಾಲೆಂಡರ್ ಹಿಡಿದುಕೊಂಡು. ಮಂಜೂರಾತಿ ಮಳೆಗಾಲದಲ್ಲಿ, ಮೊದಲ ಕಂತು ದೀಪಾವಳಿಗೆ, ಖರ್ಚಿನ ಪ್ರಮಾಣಪತ್ರ ಮಾರ್ಚ್‌ಗೆ. ಒಣಬೇಸಾಯದ ಹಳ್ಳಿಗಳ ಕ್ಯಾಲೆಂಡರೇ ಬೇರೆ. ಹತ್ತಿ ಬಿಡಿಸುವ ಕಾಲಕ್ಕೆ ಹುಡುಗಿಯರು ಬೆಳಗ್ಗೆಯೇ ಟಂಟಂ ಹತ್ತುತ್ತಾರೆ. ಸುಗ್ಗಿ ಮುಗಿಯುತ್ತಲೇ ಮನೆಗೆ ಬೀಗ ಹಾಕಿ ಬೆಂಗಳೂರಿಗೆ ಗುಳೆ. ಮಕ್ಕಳಿಗೆ ಊರಲ್ಲೊಬ್ಬರು ಬೇಕಾಗುವುದು ಆಗಲೇ. ಅಜ್ಜಿಯ ಜೊತೆ ಉಳಿದ ಹುಡುಗನನ್ನು ಶಾಲೆಗೆ ಎಬ್ಬಿಸಿ ಕಳಿಸಲು, ಹತ್ತನೆಯ ತರಗತಿಯ ಹುಡುಗಿಗೆ ಮದುವೆ ಗೊತ್ತುಮಾಡುತ್ತಿದ್ದಾರೆಂಬ ಸುದ್ದಿಯನ್ನು ನಾಲ್ಕು ದಿನ ಮೊದಲೇ ಕೇಳಿಸಿಕೊಳ್ಳಲು. ಈ ಕೆಲಸ ಟ್ಯಾಬ್ ಮಾಡದು. ಮೂರು ದಿನದ 'ನಾಯಕತ್ವ ಶಿಬಿರ'ವೂ ಮಾಡದು. ಆ ಶಿಬಿರಗಳ ಬ್ಯಾನರುಗಳು ಆಮೇಲೆ ರಾಶಿಯ ಕಣದಲ್ಲಿ ಹಾಸಲು ಉಪಯೋಗಕ್ಕೆ ಬರುತ್ತವೆ, ಅಷ್ಟು ಲಾಭ.

ಹಾಗಾಗಿ ನನ್ನ ವಾದ ಸರಳ. ಯುವಜನರ ಕೆಲಸಕ್ಕೆ ಕೊಡುವ ಅನುದಾನ ಮೊದಲು ಊರಲ್ಲೇ ಇರುವ ಒಬ್ಬರ ಸಂಬಳವಾಗಬೇಕು, ಅದೂ ಕನಿಷ್ಠ ಐದು ವರ್ಷ. ಸಾಮಾನು ಆಮೇಲೆ.

ಇದು ಸರ್ಕಾರದ ಕೆಲಸವಲ್ಲವೇ ಎಂದು ಕೇಳುವವರಿದ್ದಾರೆ. ಹೌದು. ಈ ಭಾಗಕ್ಕೆ ವಿಶೇಷ ಸ್ಥಾನ ಕೊಡುವ ಸಂವಿಧಾನದ 371(ಜೆ) ವಿಧಿ ಬಂದಿದೆ, 2023ರ ಬಜೆಟ್ಟಿನಲ್ಲಿ ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಗೆ 5,000 ಕೋಟಿ ರೂಪಾಯಿ ಘೋಷಣೆಯಾಯಿತು. ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಅರಿವು ಕೇಂದ್ರಗಳಾಗಿವೆ. ಕಟ್ಟಡ ಕಟ್ಟಲಿ, ಮೇಷ್ಟ್ರನ್ನು ಕೊಡಲಿ; ಆ ಹೊಣೆಯಿಂದ ಸರ್ಕಾರವನ್ನು ಬಿಡಬಾರದು. ಆದರೆ ಅರಿವು ಕೇಂದ್ರಕ್ಕೆ ಬಾರದ ಹುಡುಗನ ಮನೆಗೆ ಹೋಗಿ ಕರೆತರುವುದು ಯಾವ ಇಲಾಖೆಯ ಕರ್ತವ್ಯಪಟ್ಟಿಯಲ್ಲೂ ಇಲ್ಲ.

ಇನ್ನು ಊರಿನ ಹಣ. ಅಮೆರಿಕದ ಕ್ಲೀವ್‌ಲ್ಯಾಂಡಿನಲ್ಲಿ 1914ರಲ್ಲಿ ಫ್ರೆಡರಿಕ್ ಗಾಫ್ ಎಂಬ ಬ್ಯಾಂಕಿನವನು ಒಂದು ಉಪಾಯ ಮಾಡಿದ. ಸತ್ತ ಶ್ರೀಮಂತರ ಉಯಿಲುಗಳು ಕಾಲ ಮೀರಿದ ಉದ್ದೇಶಗಳಿಗೆ ಹಣವನ್ನು ಕಟ್ಟಿಹಾಕುವುದನ್ನು ಕಂಡು, ಊರಿನ ಎಲ್ಲ ದಾನಗಳನ್ನು ಒಂದು ನಿಧಿಯಾಗಿಸಿ, ಆಯಾ ಕಾಲಕ್ಕೆ ಏನು ಬೇಕೆಂದು ಊರಿನವರ ಸಮಿತಿಯೇ ನಿರ್ಧರಿಸುವಂತೆ ಮಾಡಿದ. ನಮಗೆ ಇದು ತೀರಾ ಹೊಸದಲ್ಲ. ಜಾತ್ರೆಗೆ ಪಟ್ಟಿ ಎತ್ತುವುದು ಗೊತ್ತು. ಕೊಪ್ಪಳದ ಗವಿಮಠದ ಜಾತ್ರೆಗೆ ಹಳ್ಳಿಗಳಿಂದ ಟ್ರ್ಯಾಕ್ಟರುಗಟ್ಟಲೆ ಜೋಳದ ರೊಟ್ಟಿ ಹೋಗುತ್ತದೆ. 2022ರಲ್ಲಿ ಅಲ್ಲಿನ ಸ್ವಾಮೀಜಿ ಐದು ಸಾವಿರ ಮಕ್ಕಳ ವಸತಿ ನಿಲಯಕ್ಕಾಗಿ ಕಣ್ಣೀರಿಟ್ಟಾಗ ಜನ ಧಾರಾಳವಾಗಿಯೇ ಕೊಟ್ಟರು. ಸಿಂಧನೂರಿನ ರೈಸ್‌ಮಿಲ್ಲುಗಳನ್ನು ನೋಡಿದವರು ಇಲ್ಲಿ ದುಡ್ಡಿಲ್ಲ ಎಂದು ಹೇಳಲಾರರು.

ಆದರೆ ಪಟ್ಟಿಯನ್ನು ಹೊಗಳುವಾಗ ನನಗೆ ಅಳುಕೂ ಇದೆ. ಹೆಚ್ಚು ಕೊಟ್ಟವನ ಮಾತೇ ಮೇಲಾಗುತ್ತದೆ. ನಿಧಿ ಗೌಡರ ಕಟ್ಟೆಯ ಮೇಲೆ ಕೂತರೆ ಕೇರಿಯ ಮಕ್ಕಳಿಗೆ ಅದು ಬೆಂಗಳೂರಿಗಿಂತ ದೂರ. ಅದಕ್ಕೇ ಹೊರಗಿನ ಹಣವೂ ಬೇಕು, ಊರಿನ ಪಟ್ಟಿಯೂ ಬೇಕು. ಹೊರಗಿನವರು ಒಂದು ಷರತ್ತು ಹಾಕುವುದೇ ಆದರೆ, ಗುಳೆ ಹೋಗುವ ಮನೆಗಳ ತಾಯಂದಿರು ಸಮಿತಿಯಲ್ಲಿ ಅರ್ಧದಷ್ಟಿರಬೇಕು ಎಂದು ಹಾಕಲಿ. ಟ್ಯಾಬ್ ಎಣಿಸುವುದಕ್ಕಿಂತ ಅದು ಮೇಲು.

ಅಲಮಾರಿ ಕಂಡ ಆ ಊರಲ್ಲೇ ಇದನ್ನು ಹೇಳಿ ನೋಡಿದೆ. ಹುಡುಗಿಗೆ ಸಿಗುತ್ತಿದ್ದದ್ದು ತಿಂಗಳಿಗೆ ಆರು ಸಾವಿರ, ಎಂಟು ಕೊಟ್ಟರೆ ವಾಪಸ್ ಬರುತ್ತಾಳೆ, ಅರ್ಧ ನೀವು ಕೂಡಿಸಿ ಎಂದೆ. ಗುಡಿಯ ಬಾಗಿಲಿಗೆ ಬೆಳ್ಳಿ ಹೊದಿಸಿದ ಹಿರಿಯರೊಬ್ಬರು ಬೇಡವೆನ್ನಲಿಲ್ಲ. ಸ್ವಲ್ಪ ಹೊತ್ತು ಯೋಚಿಸಿ ಕೇಳಿದರು: "ಕೊಡೋಣಂತ್ರಿ. ಆದ್ರ ಹೆಸರಿನ ಕಲ್ಲು ಎಲ್ಲಿ ಕೂಡ್ರಸ್ತೀರಿ?"