ಪಟ್ಟಿ ಬರೆಯುವವರೂ ಬೆಲೆ ತೆರುವವರೂ

ರಾಷ್ಟ್ರರಾಷ್ಟ್ರಗಳ ವಾಣಿಜ್ಯ ಸಂಧಾನಗಳು ಪಂಡಿತರ ಮತ್ತು ರಾಯಭಾರಿಗಳ ವಿಷಯ, ಅಡಿಕೆ ಸುಲಿಯುವವರಿಗೆ ಅವುಗಳ ಗೊಡವೆ ಏಕೆ ಎಂದು ಕೇಳುವವರು ನಮ್ಮಲ್ಲಿಯೇ ಉಂಟು. ಈ ಮಾತನ್ನು ನಾವು ಒಪ್ಪಲಾರೆವು.

ಎರಡನೆಯ ಮಹಾಯುದ್ಧ ಮುಗಿದ ಮರುವರ್ಷ, 1946ರ ಅಕ್ಟೋಬರಿನಲ್ಲಿ, ಜಗತ್ತಿನ ವಾಣಿಜ್ಯಕ್ಕೊಂದು ಕಟ್ಟಳೆಯನ್ನು ರೂಪಿಸಲು ಸಿದ್ಧತಾ ಸಮಿತಿಯು ಲಂಡನ್ನಿನಲ್ಲಿ ಸೇರಿತು. ಕರಡನ್ನು ಅಮೆರಿಕವು ಮೊದಲೇ ಬರೆದು ತಂದಿತ್ತು. ಭಾರತವಿನ್ನೂ ಸ್ವತಂತ್ರವಾಗಿರಲಿಲ್ಲ. ಆದರೂ ನಮ್ಮ ಪ್ರತಿನಿಧಿಗಳು ಆ ಕರಡನ್ನು ತೂಗಿ ನೋಡಿ, ಹಿಂದುಳಿದ ದೇಶಗಳಿಗೆ ತಮ್ಮ ಕೈಗಾರಿಕೆಗಳನ್ನು ರಕ್ಷಿಸಿಕೊಳ್ಳುವ ಹಕ್ಕಿರಬೇಕೆಂದು ವಾದಿಸಿದರು. ಅವರೂ ಅವರಂತಹ ಇತರರೂ ಪಟ್ಟುಹಿಡಿದುದರಿಂದ ಅಭಿವೃದ್ಧಿಯ ಅಧ್ಯಾಯವೊಂದು ಕರಡಿಗೆ ಸೇರಿತು. ಸಿದ್ಧರಾಗಿ ಹೋದವರ ಮಾತು ನಡೆಯಿತು.

1947ರಲ್ಲಿ ಜಿನೀವದಲ್ಲಿ 23 ದೇಶಗಳು ಕೂಡಿದುವು. ಸಿಂಹಳವೂ ಬರ್ಮವೂ ಅಲ್ಲಿದ್ದುವು. ಪ್ರತಿಯೊಂದು ದೇಶವೂ ಬೇಡಿಕೆಯ ಪಟ್ಟಿಯನ್ನೂ ಕೊಡುಗೆಯ ಪಟ್ಟಿಯನ್ನೂ ಹಿಡಿದು, ಸಂತೆಯಲ್ಲಿ ಚೌಕಾಸಿ ಮಾಡುವಂತೆ, ಸುಮಾರು 45,000 ಸುಂಕದ ರಿಯಾಯಿತಿಗಳನ್ನು ನಿಶ್ಚಯಿಸಿದುವು. ಅಂದಿನ ಒಪ್ಪಂದವೇ 1995ರಲ್ಲಿ ವಿಶ್ವ ವಾಣಿಜ್ಯ ಸಂಸ್ಥೆಗೆ ತಳಹದಿಯಾಯಿತು.

ಆಗ ನಮ್ಮ ಕುಂಜತ್ತೂರು ಮದರಾಸು ಪ್ರಾಂತದ ದಕ್ಷಿಣ ಕನ್ನಡ ಜಿಲ್ಲೆಯಲ್ಲಿತ್ತು. 1956ರಲ್ಲಿ ಕೇರಳಕ್ಕೆ ಸೇರಿತು. ರಾಜ್ಯ ಬದಲಾಯಿತು, ತೋಟ ಬದಲಾಗಲಿಲ್ಲ. ಆದರೆ ದೆಹಲಿಯ ಕಡತ ಇಂಗ್ಲಿಷಿನಲ್ಲಿ, ತಿರುವನಂತಪುರದ ಕಡತ ಮಲಯಾಳದಲ್ಲಿ. ಇಲ್ಲಿಯ ಕನ್ನಡ ಕೃಷಿಕನಿಗೆ ತಿಳಿಯುವುದು ಪೇಟೆಯ ಧಾರಣೆಯೊಂದೇ.

ಇದರ ಫಲವನ್ನು ಉಂಡಿದ್ದೇವೆ. 1998ರ ಡಿಸೆಂಬರ್ 28ರಂದು ಶ್ರೀಲಂಕೆಯೊಡನೆ ಮುಕ್ತ ವ್ಯಾಪಾರದ ಒಪ್ಪಂದವಾಗಿ, 2000ದ ಮಾರ್ಚಿನಲ್ಲಿ ಜಾರಿಗೆ ಬಂದಿತು. ಪರದೇಶದ ಕಾಳುಮೆಣಸೂ ಅಡಿಕೆಯೂ ಸಿಂಹಳದ ಹೆಸರು ಹೊತ್ತು ಬರುತ್ತಿವೆಯೆಂಬ ಕೂಗೆದ್ದುದು ಆಮೇಲೆ. ಕಿಲೋಗ್ರಾಮಿಗೆ 500 ರೂಪಾಯಿಯ ಕನಿಷ್ಠ ಆಮದು ಬೆಲೆ ಕಾಳುಮೆಣಸಿಗೆ ದೊರೆತುದು 2017ರ ಡಿಸೆಂಬರಿನಲ್ಲಿ. ಅಡಿಕೆಯ ಬೆಲೆಯನ್ನು 351 ರೂಪಾಯಿಗೆ ಏರಿಸಿದುದು 2023ರಲ್ಲಿ. ಊರು ಕೊಳ್ಳೆಹೋದ ಮೇಲೆ ಕೋಟೆಯ ಬಾಗಿಲು ಹಾಕಿದಂತೆ!

ಆಮದೇ ಕೂಡದೆಂಬ ಹಟ ನಮ್ಮದಲ್ಲ. ಮಂಗಳೂರಿನ ಗೇರುಬೀಜದ ಕಾರ್ಖಾನೆಗಳು ಆಫ್ರಿಕದ ಬೀಜವನ್ನು ನಂಬಿವೆ. ಅಲ್ಲಿ ದುಡಿಯುವವರ ಅನ್ನವೂ ಅನ್ನವೇ. ನಮ್ಮ ಬೇಡಿಕೆ ಇಷ್ಟೆ: ಕೊಡುಗೆಯ ಪಟ್ಟಿ ಸಿದ್ಧವಾಗುವ ಮೊದಲು ಅದರ ಸಾರಾಂಶ ಕನ್ನಡದಲ್ಲಿ ನಮ್ಮ ಪಂಚಾಯತಿಗಳಿಗೂ ಸಹಕಾರ ಸಂಘಗಳಿಗೂ ಬರಲಿ, ಉತ್ತರ ಕೊಡಲು ಕಾಲಾವಕಾಶವಿರಲಿ. 1973ರಲ್ಲಿ ಎರಡು ರಾಜ್ಯಗಳ ಬೆಳೆಗಾರರು ಒಂದುಗೂಡಿ ಕ್ಯಾಂಪ್ಕೊವನ್ನು ಕಟ್ಟಿದ ನಾಡಿದು. ಉತ್ತರ ಕೊಡಬಲ್ಲವರು ಇಲ್ಲಿಲ್ಲವೆಂದು ಯಾರೂ ಹೇಳಬೇಕಾಗಿಲ್ಲ.

ಸರಕಾರವನ್ನಷ್ಟೇ ದೂರಿ ಸುಮ್ಮನಾಗುವುದೂ ಸಲ್ಲದು. ಧಾರಣೆ ಕುಸಿದ ದಿನ ಗೋಳಿಡುವುದರಲ್ಲಿ ನಾವು ನಿಪುಣರು. ಪಟ್ಟಿ ಬರೆಯುವ ದಿನ ನಾವೆಲ್ಲಿದ್ದೆವು? ನಮ್ಮ ಸಂಘಗಳು ಸನ್ಮಾನಕ್ಕೆ ಮೀಸಲಿಡುವ ಸಂಜೆಗಳಲ್ಲಿ ಒಂದನ್ನಾದರೂ ಇಂತಹ ಒಪ್ಪಂದಗಳ ಓದಿಗೆ ಕೊಡಲಿ. ಭಾಷಾಭಿಮಾನವೆಂದರೆ ಇದೂ ಹೌದು.