ಅರಿವೊಂದೇ ಸಾಲದು, ಅಕ್ಕರೆಯೂ ಬೇಕು

ವಿಜಯನಗರದ ಪಕ್ಕದ ಹೊಸಹಳ್ಳಿ ಇಂದು ಹೆಸರಿಗೆ ಮಾತ್ರ ಹಳ್ಳಿ. ಆ ಭಾಗದ ಚರಂಡಿ ನೀರು ವೃಷಭಾವತಿಯನ್ನು ಸೇರಿ, ಕೆಂಗೇರಿ ದಾಟಿ, ಬಿಡದಿ ಬಳಿಯ ಬೈರಮಂಗಲ ಕೆರೆಯತ್ತ ಹರಿಯುತ್ತದೆ. ಆ ನೀರು ಕೆಟ್ಟಿದೆಯೆಂಬುದು ನಗರದವರಿಗೂ ಗೊತ್ತು, ರೈತರಿಗೂ ಗೊತ್ತು. ಆದರೂ ಹೊಳೆ ತಿಳಿಯಾಗಿಲ್ಲ. ಕೊಳಚೆ ಬಿಡುವವನು ಮೇಲೆ, ಹೊಲಕ್ಕೆ ಹಾಯಿಸುವವನು ಕೆಳಗೆ. ಬಿಡುವವನಿಗೆ ನೋವಿಲ್ಲ, ನೋಯುವವನ ಮಾತು ನಡೆಯದು.

ಅತ್ತ ಮಾಗಡಿ ಸೀಮೆಯಲ್ಲಿ ಶಾಲೆಯ ಮೆಟ್ಟಿಲು ಹತ್ತದ ಸಾಲುಮರದ ತಿಮ್ಮಕ್ಕ, ಪತಿ ಚಿಕ್ಕಯ್ಯನವರೊಡನೆ ಹುಲಿಕಲ್–ಕುದೂರು ರಸ್ತೆಯಲ್ಲಿ ಆಲದ ಸಸಿ ನೆಟ್ಟು, ನೀರು ಹೊತ್ತು, 385 ಮರ ಬೆಳೆಸಿದರು. ಶಿರಸಿಯ ಸಾಲ್ಕಣಿ ರೈತರು 1983ರ ಸೆಪ್ಟೆಂಬರಿನಲ್ಲಿ ಮರಗಳನ್ನಪ್ಪಿ ಕಡಿತ ತಡೆದರು. ಹಿಮಾಲಯದ ಚಿಪ್ಕೋ ಚಳವಳಿ ಅವರಿಗೆ ದಾರಿ ತೋರಿತ್ತು. ಆದರೆ ಕಾಡು ಹೋದರೆ ತೋಟದ ನೀರೂ ಸೊಪ್ಪೂ ಹೋದಂತೆ ಎಂಬುದು ಅವರ ಸ್ವಂತ ಅರಿವು.

ಬಲ್ಲದ್ದು ನಮ್ಮದೆನಿಸಿದಾಗಲೇ ಕೈ ಆಡುತ್ತದೆ. ನಗರ ತನ್ನ ಕೊಳಚೆಯನ್ನು ಶುದ್ಧಮಾಡಿಯೇ ಬಿಡಬೇಕೆಂದು ರೈತರು ಒಟ್ಟಾಗಿ ಒತ್ತಾಯಿಸಬೇಕು. ಹಾಗೆ ಕೇಳುವ ಬಾಯಿಗೆ ಬಲ ಬರಬೇಕಾದರೆ ನಮ್ಮೂರ ಕೆರೆಯಲ್ಲಿ ಔಷಧಿ ಹೊಡೆಯುವ ಪಂಪು ತೊಳೆಯುವುದು ನಿಲ್ಲಬೇಕು. ಮಳೆಗೆ ಮುನ್ನ ಕಾಲುವೆಯ ಹೂಳು ತೆಗೆಯಬೇಕು. ಮುಂದಿನ ಗ್ರಾಮಸಭೆಯಲ್ಲೇ ಈ ಮಾತು ಬರಲಿ.